ರಾಜಿ ಮಾಡಿಸುವ ಮೊದಲು ಐ-94 ನೋಡಿ: ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಅಕ್ಕ, ನಾವಿಕ ಎಂಬ ಅಮೆರಿಕ ಕನ್ನಡಿಗರ ಸಂಸ್ಥೆಗಳ ಹಾಗೂ ಊರೂರಿನ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ದೇವಸ್ಥಾನಗಳ ಟ್ರಸ್ಟಿಗಳಿಗೆ, ಮಗಳನ್ನು ಅಮೆರಿಕಕ್ಕೆ ಕೊಟ್ಟಿರುವ ತಂದೆತಾಯಿಯರಿಗೆ,

ಮಾನ್ಯರೇ,

ಗಂಡನ ಹೊಡೆತ ತಾಳಲಾರದೆ ಮನೆಯಿಂದ ಹೊರಬಿದ್ದ ಹೆಣ್ಣುಮಗಳು ಎಷ್ಟೋ ಸಲ ಮೊದಲು ಫೋನ್ ಮಾಡುವುದು ಪೊಲೀಸರಿಗಲ್ಲ, ಲಾಯರಿಗೂ ಅಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದ ಕೂಟದ ಯಾರಿಗೋ ಮಾಡುತ್ತಾಳೆ. ಅಂಥ ಫೋನ್ ಬಂದಾಗ ನೀವು ಏನು ಮಾಡುತ್ತೀರಿ ಎಂಬುದು ಎಲ್ಲರಿಗೂ ಗೊತ್ತು. ಇಬ್ಬರನ್ನೂ ಕೂರಿಸಿ ಮಾತಾಡುತ್ತೀರಿ, ಅವನ ಅಪ್ಪ-ಅಮ್ಮನಿಗೆ ಊರಿಗೆ ಫೋನ್ ಹಾಕುತ್ತೀರಿ, "ಮನೆ ವಿಷಯ ಮನೆಯಲ್ಲೇ ಇರಲಿ" ಎನ್ನುತ್ತೀರಿ, ಆರು ತಿಂಗಳು ನೋಡೋಣ ಎನ್ನುತ್ತೀರಿ. ನಿಮ್ಮ ಉದ್ದೇಶದ ಬಗ್ಗೆ ನಮಗೆ ಅನುಮಾನವಿಲ್ಲ. ನಮ್ಮ ತಕರಾರು ಆ ಆರು ತಿಂಗಳ ಬಗ್ಗೆ. ಅಮೆರಿಕದ ವಲಸೆ ಕಾನೂನಿನಲ್ಲಿ ಅವಳಿಗಿರುವ ಪ್ರತಿಯೊಂದು ದಾರಿಗೂ ಒಂದೊಂದು ತಾರೀಖು ಅಂಟಿಕೊಂಡಿದೆ. ನೀವು ರಾಜಿ ಮಾಡಿಸುತ್ತಿರುವಾಗ ಆ ತಾರೀಖುಗಳು ನಿಂತು ಕಾಯುವುದಿಲ್ಲ.

ಆದ್ದರಿಂದ ಸಮಾಧಾನದ ಮಾತಿಗೂ ಮೊದಲು ಅವಳನ್ನು ಮೂರು ಪ್ರಶ್ನೆ ಕೇಳಿ. ಗಂಡನ ಸ್ಟೇಟಸ್ (ಈ ದೇಶದಲ್ಲಿ ಇರಲು ಅವನಿಗಿರುವ ಕಾನೂನು ಸ್ಥಾನ) ಏನು, ಸಿಟಿಜನ್ನೋ, ಗ್ರೀನ್ ಕಾರ್ಡೋ, ಎಚ್-1ಬಿ ಕೆಲಸದ ವೀಸಾವೋ? ಅವಳ ಐ-94 (ಎಂದಿನವರೆಗೆ ಈ ದೇಶದಲ್ಲಿ ಇರಬಹುದೆಂಬ ದಾಖಲೆ) ಎಂದು ಮುಗಿಯುತ್ತದೆ? ಯಾರಾದರೂ ಡೈವೋರ್ಸ್ ಕೇಸು ಹಾಕಿದ್ದಾರೆಯೇ? ಈ ಮೂರಕ್ಕೆ ಉತ್ತರ ಸಿಗುವ ತನಕ ಯಾರು ಯಾವ ಸಲಹೆ ಕೊಟ್ಟರೂ ಅದು ಕುರುಡು ಸಲಹೆಯೇ. (ಹೆಚ್ಚಿನ ಪ್ರಕರಣಗಳಲ್ಲಿ ಹೆಂಡತಿಯೇ ಸಂತ್ರಸ್ತೆ ಎಂಬ ಕಾರಣಕ್ಕೆ "ಅವಳು" ಎಂದು ಬರೆಯುತ್ತಿದ್ದೇವೆ. ಕೆಳಗೆ ಹೇಳುವ ಯಾವ ದಾರಿಯೂ ಗಂಡಸರಿಗೆ ಮುಚ್ಚಿಲ್ಲ.)

ಐ-94 ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಮೊದಲ ಎಡವಟ್ಟು ಆಗುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ತಾರೀಖಿಗೂ ಅವಳು ಈ ದೇಶದಲ್ಲಿ ಇರಬಹುದಾದ ಅವಧಿಗೂ ಸಂಬಂಧವಿಲ್ಲ. ವೀಸಾ ಒಳಗೆ ಬರಲು, ಐ-94 ಒಳಗೆ ಇರಲು. ಏರ್‌ಪೋರ್ಟಿನಲ್ಲಿ ಕೊಟ್ಟ ಐ-94 ಕಸ್ಟಮ್ಸ್ ಮತ್ತು ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಸಿಗುತ್ತದೆ. ಆದರೆ ದೇಶದೊಳಗೇ ಇದ್ದು ಎಕ್ಸ್‌ಟೆನ್ಷನ್ ಪಡೆದಿದ್ದರೆ ಹೊಸ ಐ-94 ಬರುವುದು ಅಪ್ರೂವಲ್ ನೋಟೀಸಿನ, ಅಂದರೆ ಐ-797ರ, ಕೆಳಭಾಗದಲ್ಲಿ. ಎರಡನ್ನೂ ನೋಡಬೇಕು. ಇನ್ನೊಂದು ಗುಪ್ತ ಗುಂಡಿ ಇದೆ: ಪಾಸ್‌ಪೋರ್ಟಿನ ಅವಧಿ ಎಚ್-4 (ಎಚ್-1ಬಿ ನೌಕರನ ಹೆಂಡತಿ ಮಕ್ಕಳ ವೀಸಾ) ಅವಧಿಗಿಂತ ಮೊದಲೇ ಮುಗಿಯುವಂತಿದ್ದರೆ ಗಡಿ ಅಧಿಕಾರಿಗಳು ಸಾಮಾನ್ಯವಾಗಿ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ಕೊಟ್ಟುಬಿಡುತ್ತಾರೆ. ಆಮೇಲೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿಕೊಂಡ ಮಾತ್ರಕ್ಕೆ ಐ-94 ತಾನಾಗಿ ಮುಂದಕ್ಕೆ ಹೋಗುವುದಿಲ್ಲ.

ಇದಕ್ಕಿಂತಲೂ ಹೆಚ್ಚು ಜನ ಬೀಳುವ ಗುಂಡಿ ಬೇರೆ. ಗಂಡನ ಎಚ್-1ಬಿ ಎಕ್ಸ್‌ಟೆನ್ಷನ್‌ಗೆ ಕಂಪನಿ ಹಾಕುವ ಐ-129 ಅರ್ಜಿ ಅವನೊಬ್ಬನಿಗೇ. ಹೆಂಡತಿ ಮಕ್ಕಳಿಗೆ ಐ-539 ಎಂಬ ಬೇರೆಯೇ ಅರ್ಜಿ ಹಾಕಬೇಕು. ಅದನ್ನು ಕಂಪನಿ ಲಾಯರ್ ತಾನಾಗಿ ಹಾಕಬೇಕಿಲ್ಲ. ಗಂಡ ಹೇಳಿದರೆ ಹಾಕುತ್ತಾರೆ, ಹೇಳದಿದ್ದರೆ ಇಲ್ಲ. ಜಗಳವಾಡಿಕೊಂಡ ಗಂಡ ಹೇಳುವುದನ್ನು "ಮರೆತರೆ" ಅವನು ಸ್ಟೇಟಸ್‌ನಲ್ಲಿ ಇರುತ್ತಾನೆ, ಅವಳು ತನಗೆ ಗೊತ್ತಿಲ್ಲದೆಯೇ ಔಟ್ ಆಫ್ ಸ್ಟೇಟಸ್ ಆಗಿರುತ್ತಾಳೆ. "ಎಕ್ಸ್‌ಟೆನ್ಷನ್ ಆಗಿದೆ ಅಂದಿದ್ದರು" ಎಂಬ ಮಾತನ್ನು ಪುರಾವೆಯೆಂದು ನಂಬಬೇಡಿ. ಅವಳ ಹೆಸರಿನಲ್ಲಿ, ಮೂರು ಅಕ್ಷರ ಮತ್ತು ಹತ್ತು ಅಂಕಿಯ ರಿಸೀಟ್ ನಂಬರ್ ಇದೆಯೇ ಕೇಳಿ; ಇದ್ದರೆ ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್ ಸೈಟಿನಲ್ಲಿ ಹಾಕಿ ನೋಡಿ. ಕಾಗದವೆಲ್ಲ ಗಂಡನ ಬಳಿಯೇ ಇದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತನ್ನ ವಲಸೆ ಕಡತದ ಪ್ರತಿಯನ್ನು ಅವಳೇ ತರಿಸಿಕೊಳ್ಳಬಹುದು. ಇದಕ್ಕೆ ಗಂಡನ ಸಹಿ ಬೇಡ.

ಇನ್ನು ದಾರಿಗಳು. ಗಂಡನ ಸ್ಟೇಟಸ್ ಏನೆಂಬುದರ ಮೇಲೆ ದಾರಿ ಕವಲೊಡೆಯುತ್ತದೆ.

ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ದಾರ ಆಗಿದ್ದರೆ 1994ರಲ್ಲಿ ಬಂದ ಮಹಿಳಾ ದೌರ್ಜನ್ಯ ತಡೆ ಕಾಯ್ದೆ, ಎಲ್ಲರೂ "ವಾವಾ" ಎನ್ನುವ ಕಾಯ್ದೆ, ಕೈಹಿಡಿಯುತ್ತದೆ. ಅವನಿಗೆ ಗೊತ್ತಾಗದಂತೆ, ಅವನ ಸಹಿಯಿಲ್ಲದೆ, ಅವಳೇ ತನ್ನ ಪರವಾಗಿ ಐ-360 ಅರ್ಜಿ ಹಾಕಬಹುದು. ಶುಲ್ಕವಿಲ್ಲ. ನೋಟೀಸುಗಳು ಬರಲು ಸುರಕ್ಷಿತ ವಿಳಾಸ ಕೊಡಲು ಅರ್ಜಿಯಲ್ಲೇ ಜಾಗವಿದೆ. "ನಾನು ಹಾಕಿದ ಅರ್ಜಿ ವಾಪಸ್ ತಗೋತೀನಿ, ನೀನು ಊರಿಗೆ ಹೋಗು" ಎಂಬುದು ಇಂಥ ಗಂಡಂದಿರ ಮಾಮೂಲಿ ಬೆದರಿಕೆ. ಅವನು ಹೆಂಡತಿಗಾಗಿ ಹಾಕಿದ ಐ-130 ಅರ್ಜಿ ವಾಪಸ್ ಪಡೆದರೂ ಇವಳ ಐ-360 ನಿಲ್ಲುವುದಿಲ್ಲ. ಹಾಗೆ ನೋಡಿದರೆ ಗಡೀಪಾರಿನ ಬೆದರಿಕೆ ಹಾಕಿ ಹತೋಟಿಯಲ್ಲಿ ಇಟ್ಟುಕೊಳ್ಳುವುದೂ ಕಾನೂನು ಹೇಳುವ "ತೀವ್ರ ಕ್ರೌರ್ಯ"ದ ಲೆಕ್ಕಕ್ಕೇ ಬರುತ್ತದೆ. ಹೊಡೆದ ಗುರುತು ಇರಲೇಬೇಕೆಂದಿಲ್ಲ. ದುಡ್ಡು ಕೊಡದಿರುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಪಾಸ್‌ಪೋರ್ಟ್ ಬಚ್ಚಿಡುವುದು ಎಲ್ಲ ಸೇರಿ ಒಂದು ಚಿತ್ರವಾಗಬೇಕು. ಪೊಲೀಸ್ ವರದಿ ಇದ್ದರೆ ಒಳ್ಳೆಯದು. ಇಲ್ಲವೆಂದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ.

ಮದುವೆ ನಿಜವಾದದ್ದು, ಇಬ್ಬರೂ ಒಟ್ಟಿಗೆ ಬಾಳಿದ್ದಾರೆ, ಗಂಡನಿಗೆ ಆ ಸ್ಟೇಟಸ್ ಇತ್ತು, ದೌರ್ಜನ್ಯ ನಡೆಯಿತು, ಅವಳ ನಡತೆ ಚೆನ್ನಾಗಿದೆ: ಇಷ್ಟನ್ನು ತೋರಿಸಬೇಕು. ಕೊನೆಯದಕ್ಕೆ, ಹಿಂದಿನ 3 ವರ್ಷಗಳಲ್ಲಿ 6 ತಿಂಗಳು ಅಥವಾ ಹೆಚ್ಚು ವಾಸವಿದ್ದ ಪ್ರತಿ ಊರಿನಿಂದ ಪೊಲೀಸ್ ಕ್ಲಿಯರೆನ್ಸ್ ಬೇಕು. ಮದುವೆಯಾಗಿ ಬಂದು ಎರಡೇ ವರ್ಷವಾಗಿದ್ದರೆ ಬೆಂಗಳೂರಿನದೋ ದಾವಣಗೆರೆಯದೋ ಕೂಡ ಬೇಕಾಗುತ್ತದೆ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಇದನ್ನು ಮೊದಲ ವಾರವೇ ಶುರುಮಾಡಬೇಕು. ಗಂಡನ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡಿನ ಫೋಟೋ ಸಿಗದಿದ್ದರೆ ಅವನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಗೊತ್ತಿದ್ದರೆ ಎ-ನಂಬರ್ (ವಲಸೆ ಕಡತದ ಸಂಖ್ಯೆ) ಕೊಟ್ಟು ಇಲಾಖೆಯ ದಾಖಲೆಯಲ್ಲೇ ಹುಡುಕುವಂತೆ ಕೋರಬಹುದು.

ತಾರೀಖು ಇಲ್ಲೂ ಇದೆ. ಡೈವೋರ್ಸ್ ಡಿಕ್ರಿ ಆದ ದಿನದಿಂದ 2 ವರ್ಷದೊಳಗೆ ಐ-360 ಹಾಕಬೇಕು. ಡೈವೋರ್ಸಿಗೂ ದೌರ್ಜನ್ಯಕ್ಕೂ ಸಂಬಂಧವಿರಬೇಕು. ಅರ್ಜಿ ಅಪ್ರೂವ್ ಆಗುವ ಮೊದಲು ಇನ್ನೊಂದು ಮದುವೆಯಾದರೆ ಅರ್ಜಿ ಹೋಯಿತು. ತೀರ್ಮಾನ ಬರಲು ಈಗ ವರ್ಷಗಟ್ಟಲೆ ಹಿಡಿಯುತ್ತಿರುವುದರಿಂದ "ಹೊಸ ಸಂಬಂಧ ನೋಡೋಣ" ಎಂದು ಆತುರಪಡುವ ತವರಿನವರಿಗೆ ಇದನ್ನು ತಿಳಿಸಿಬಿಡಿ.

ಅವಳಿಗೆ ಈಗಾಗಲೇ 2 ವರ್ಷದ ಕಂಡೀಷನಲ್ ಗ್ರೀನ್ ಕಾರ್ಡ್ ಬಂದಿದ್ದರೆ ವಿಷಯ ಇನ್ನೂ ಸುಲಭ. ಕೊನೆಯ 90 ದಿನಗಳಲ್ಲಿ ಇಬ್ಬರೂ ಸೇರಿ, ಆ ಕಾರ್ಡಿನ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕೆಂಬುದು ಸಾಮಾನ್ಯ ನಿಯಮ. ದೌರ್ಜನ್ಯದ ಕಾರಣ ಕೊಟ್ಟರೆ ಅವಳೊಬ್ಬಳೇ ಹಾಕಬಹುದು, ಆ 90 ದಿನದ ಕಿಟಕಿಗೆ ಕಾಯಬೇಕಿಲ್ಲ, ಡೈವೋರ್ಸ್ ಆಗಿರಬೇಕಾಗಿಯೂ ಇಲ್ಲ. ಗ್ರೀನ್ ಕಾರ್ಡಿಗಾಗಿ ಗಂಡ ಸಹಿ ಹಾಕಿದ್ದ ಐ-864 ಜೀವನಾಂಶದ ಕರಾರು ಡೈವೋರ್ಸ್ ಆದ ಮೇಲೂ ಬಿದ್ದುಹೋಗುವುದಿಲ್ಲ. ಅವಳು ಸಿಟಿಜನ್ ಆಗುವವರೆಗೆ, ಅಥವಾ 40 ತ್ರೈಮಾಸಿಕಗಳ ದುಡಿಮೆ ಅವಳ ಲೆಕ್ಕಕ್ಕೆ ಬರುವವರೆಗೆ, ಬಡತನ ರೇಖೆಯ 125 ಶೇಕಡಾ ಮಟ್ಟದ ಆದಾಯಕ್ಕೆ ಅವನು ಹೊಣೆ. ಡೈವೋರ್ಸ್ ಸೆಟಲ್‌ಮೆಂಟಿನಲ್ಲಿ ಈ ಮಾತೇ ಬಾರದೆ ಸಹಿ ಹಾಕಿ ಬರುವವರು ಬಹಳ.

ವಾವಾ ಹೆಂಡತಿಯರಿಗಷ್ಟೇ ಅಲ್ಲ. ಮಗ ಸಿಟಿಜನ್ ಆಗಿದ್ದು 21 ದಾಟಿದ್ದರೆ, ಅವನಿಂದ ದೌರ್ಜನ್ಯಕ್ಕೊಳಗಾದ ಅಪ್ಪ-ಅಮ್ಮನೂ ಐ-360 ಹಾಕಬಹುದು. ಬಾಣಂತನಕ್ಕೆಂದು ಕರೆಸಿಕೊಂಡು, ಅಡುಗೆ ಮತ್ತು ಮಗು ಎರಡನ್ನೂ ಹೊರಿಸಿ, ಹೊರಗೆ ಬಿಡದೆ ಇಟ್ಟುಕೊಂಡ ಮನೆಗಳು ನಮ್ಮ ನಡುವೆ ಇಲ್ಲವೆಂದು ನಟಿಸುವುದು ಬೇಡ. ಮಗ ಬರೀ ಗ್ರೀನ್ ಕಾರ್ಡ್‌ದಾರನಾಗಿದ್ದರೆ ಮಾತ್ರ ಈ ಬಾಗಿಲಿಲ್ಲ.

ಈಗ ಕಷ್ಟದ ಕವಲು. ನಮ್ಮವರಲ್ಲಿ ಎಷ್ಟೋ ಜನ ಇರುವುದು ಇಲ್ಲಿ: ಗಂಡ ಎಚ್-1ಬಿ, ಅವಳು ಎಚ್-4. ಇಂಡಿಯಾದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ವರ್ಷಾನುಗಟ್ಟಲೆ ಇರುವುದರಿಂದ ಹತ್ತು-ಹನ್ನೆರಡು ವರ್ಷ ಇಲ್ಲೇ ಬಾಳಿ, ಮನೆ ಕೊಂಡು, ಮಕ್ಕಳು ಇಲ್ಲಿಯ ಸಿಟಿಜನ್ ಆಗಿದ್ದರೂ ಅವಳು ಎಚ್-4ನಲ್ಲೇ ಇರುತ್ತಾಳೆ. ವಾವಾ ಇವಳಿಗೆ ಅನ್ವಯಿಸುವುದಿಲ್ಲ. ಕಾಯ್ದೆಯ ಈ ಕೊರತೆ ಹಳೆಯದು, ಎಲ್ಲರಿಗೂ ಗೊತ್ತಿರುವುದು, ಇನ್ನೂ ಸರಿಯಾಗಿಲ್ಲ.

ಇವಳ ವಿಷಯದಲ್ಲಿ ಡೈವೋರ್ಸಿನ ದಿನವೇ ಎಲ್ಲವನ್ನೂ ನಿರ್ಧರಿಸುತ್ತದೆ. ಬೇರೆ ಮನೆಯಲ್ಲಿ ಇದ್ದ ಮಾತ್ರಕ್ಕೆ ಎಚ್-4 ಹೋಗುವುದಿಲ್ಲ. ಕೇಸು ನಡೆಯುತ್ತಿರುವಾಗಲೂ ಇರುತ್ತದೆ. ಕೋರ್ಟು ಕೊನೆಯ ಡಿಕ್ರಿಗೆ ಸಹಿ ಹಾಕಿದ ಕ್ಷಣಕ್ಕೆ ಹೋಗುತ್ತದೆ, ಅದರ ಮೇಲೆ ಒಂದು ದಿನದ ರಿಯಾಯಿತಿಯೂ ಇಲ್ಲ. 60 ದಿನದ ಗ್ರೇಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಎಚ್-1ಬಿ ಕೆಲಸ ಹೋದಾಗ ಸಿಗುವುದು, ಮದುವೆ ಮುರಿದಾಗ ಅಲ್ಲ. ಆದ್ದರಿಂದ ಎಫ್-1 (ವಿದ್ಯಾರ್ಥಿ), ಬಿ-2 (ಪ್ರವಾಸಿ), ಅಥವಾ ಅವಳಿಗೇ ಕೆಲಸ ಕೊಡುವ ಕಂಪನಿಯಿಂದ ಎಚ್-1ಬಿ, ಯಾವುದೇ ಆಗಲಿ, ಸ್ಟೇಟಸ್ ಬದಲಾವಣೆಯ ಅರ್ಜಿ ಡಿಕ್ರಿಗೆ ಮೊದಲೇ ಯುಎಸ್‌ಸಿಐಎಸ್ ತಲುಪಿರಬೇಕು. ಫ್ಯಾಮಿಲಿ ಲಾಯರ್ ಮತ್ತು ಇಮಿಗ್ರೇಷನ್ ಲಾಯರ್ ಪರಸ್ಪರ ಒಂದು ಸಲವೂ ಮಾತಾಡದೆ ಹೋದರೆ ನಡೆಯುವ ಅನಾಹುತ ಇದೇ: ಒಬ್ಬರು ಬೇಗ ಬಿಡುಗಡೆ ಮಾಡಿಸಿದೆವೆಂದು ಸಂತೋಷಪಡುತ್ತಾರೆ, ಇನ್ನೊಬ್ಬರು ತಲೆ ಮೇಲೆ ಕೈ ಹೊರುತ್ತಾರೆ.

ಇದೇ ಜಾಗದಲ್ಲಿ ತಂದೆತಾಯಿಯರಿಗೊಂದು ಮಾತು. "ಅವನ ಕಂಪನಿಗೆ ಮೇಲ್ ಹಾಕಿ ಕೆಲಸ ತೆಗೆಸುತ್ತೇವೆ" ಎಂದು ಹೊರಡಬೇಡಿ. ಅವನ ಕೆಲಸ ಹೋದರೆ ಆ 60 ದಿನದ ಗಡಿಯಾರ ನಿಮ್ಮ ಮಗಳಿಗೂ ಓಡತೊಡಗುತ್ತದೆ.

ದುಡಿಯಲು ಅನುಮತಿ ಬೇಕಾದರೆ ಎಚ್-4 ಹೆಂಡತಿಯರಿಗೆ ಐ-765ವಿ ಎಂಬ ಅರ್ಜಿಯಿದೆ. ಇದು ಯಾರಿಗೂ ಗೊತ್ತಿಲ್ಲ ಎಂದರೂ ತಪ್ಪಾಗದು. ಎ, ಇ-3, ಜಿ, ಎಚ್ ವೀಸಾದವರ ಹೆಂಡತಿ ಅಥವಾ ಗಂಡ ದೌರ್ಜನ್ಯಕ್ಕೊಳಗಾಗಿದ್ದರೆ 2 ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ. ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿರಬೇಕೆಂಬ ಮಾಮೂಲಿ ಎಚ್-4 ವರ್ಕ್ ಪರ್ಮಿಟ್ಟಿನ ಷರತ್ತು ಇದಕ್ಕಿಲ್ಲ. ದೌರ್ಜನ್ಯದಿಂದಾಗಿ ಡೈವೋರ್ಸ್ ಆಗಿದ್ದರೂ 2 ವರ್ಷದೊಳಗೆ ಹಾಕಬಹುದು. ಆದರೆ ಸರಿಯಾಗಿ ತಿಳಿದುಕೊಳ್ಳಿ: ಇದು ಕೆಲಸದ ಅನುಮತಿ, ಸ್ಟೇಟಸ್ ಅಲ್ಲ. ಕೈಯಲ್ಲಿ ಈ ಕಾರ್ಡ್ ಇದ್ದೂ ಅವಳು ಔಟ್ ಆಫ್ ಸ್ಟೇಟಸ್ ಆಗಿರಬಹುದು. ಎಫ್-2 (ವಿದ್ಯಾರ್ಥಿಯ) ಮತ್ತು ಎಲ್-2 (ಕಂಪನಿಯೊಳಗೇ ವರ್ಗವಾಗಿ ಬಂದವನ) ಹೆಂಡತಿಯರಿಗೆ ಇದು ಇಲ್ಲ. ಎಲ್-2ದವರಿಗೆ 2021ರ ನವೆಂಬರ್‌ನಿಂದ ಸ್ಟೇಟಸ್ ಜೊತೆಯಲ್ಲೇ ಕೆಲಸದ ಹಕ್ಕಿದೆ, ಆ ಸ್ಟೇಟಸ್ ಇರುವ ತನಕ.

ದೀರ್ಘಕಾಲದ ದಾರಿ ಎಂದರೆ ಯು ವೀಸಾ. ಇದಕ್ಕೆ ಗಂಡನ ಸ್ಟೇಟಸ್ ಮುಖ್ಯವಲ್ಲ, ಅವಳ ಸ್ಟೇಟಸ್ಸೂ ಮುಖ್ಯವಲ್ಲ. ಪಟ್ಟಿಯಲ್ಲಿರುವ ಅಪರಾಧಕ್ಕೆ (ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಹಿಂಬಾಲಿಸಿ ಕಾಡುವುದು ಮುಂತಾದವು) ಅಮೆರಿಕದಲ್ಲಿ ಬಲಿಯಾಗಿರಬೇಕು, ಅದರಿಂದ ದೇಹಕ್ಕೋ ಮನಸ್ಸಿಗೋ ಗಣನೀಯ ಹಾನಿಯಾಗಿರಬೇಕು, ತನಿಖೆಗೆ ಸಹಕರಿಸಿರಬೇಕು. ಅರ್ಜಿ ಐ-918, ಶುಲ್ಕವಿಲ್ಲ. ಅದರ ಜೊತೆ ಸಪ್ಲಿಮೆಂಟ್ ಬಿ ಎಂಬ ಹಾಳೆಗೆ ಪೊಲೀಸರೋ, ಪ್ರಾಸಿಕ್ಯೂಟರೋ, ನ್ಯಾಯಾಧೀಶರೋ ಸಹಿ ಹಾಕಿರಬೇಕು. ಸಹಿಯಾದ 6 ತಿಂಗಳೊಳಗೆ ಅರ್ಜಿ ತಲುಪದಿದ್ದರೆ ಆ ಹಾಳೆ ರದ್ದಿ. ಸಹಿ ಹಾಕುವುದು ಅವರ ವಿವೇಚನೆಗೆ ಬಿಟ್ಟದ್ದು. ಕ್ಯಾಲಿಫೋರ್ನಿಯದಲ್ಲಿ ಕೋರಿಕೆ ಬಂದ 30 ದಿನದೊಳಗೆ ತೀರ್ಮಾನಿಸಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಬೇರೆ ಕಡೆ ಕೌಂಟಿಯಿಂದ ಕೌಂಟಿಗೆ ರೀತಿ ಬೇರೆ. ಗಂಡನಿಗೆ ಶಿಕ್ಷೆಯಾಗಿರಬೇಕಿಲ್ಲ, ಚಾರ್ಜ್ ಹಾಕಿರಬೇಕಿಲ್ಲ.

ಕೂಟದ ಹಿರಿಯರು ಇಲ್ಲಿ ಸ್ವಲ್ಪ ನಿಲ್ಲಬೇಕು. "ಕೇಸ್ ವಾಪಸ್ ತಗೊಳ್ಳಮ್ಮ, ಪಾಪ ಅವನ ಕೆಲಸ ಹೋಗುತ್ತೆ" ಎಂದು ನೀವು ಒಪ್ಪಿಸುತ್ತೀರಲ್ಲ, ಆ ಒಂದು ಮಾತು ಯು ವೀಸಾದ ಬುಡಕ್ಕೆ ಕೊಡಲಿ. ಕಾರಣವಿಲ್ಲದೆ ಸಹಕಾರ ನಿಲ್ಲಿಸಿದಳೆಂದು ಪೊಲೀಸರು ಸಹಿ ಹಾಕದೇ ಇರಬಹುದು, ಹಾಕಿದ್ದನ್ನೂ ವಾಪಸ್ ಪಡೆಯಬಹುದು. 911ಕ್ಕೆ ಫೋನ್ ಮಾಡಿದ ರಾತ್ರಿ ಪೊಲೀಸರ ಮುಂದೆ "ಏನೂ ಆಗಿಲ್ಲ, ಬಿದ್ದುಬಿಟ್ಟೆ" ಎಂದದ್ದೂ ವರದಿಯಲ್ಲಿ ಹಾಗೆಯೇ ದಾಖಲಾಗುತ್ತದೆ. ಇಂಗ್ಲಿಷ್ ತಡವರಿಸುವವರು ಕನ್ನಡ ದುಭಾಷಿ ಬೇಕೆಂದು ಕೇಳಬೇಕು. ಗಂಡನೇ ಅವಳ ಪರವಾಗಿ ಪೊಲೀಸರಿಗೆ ಅನುವಾದ ಮಾಡಿ ಹೇಳುವುದಂತೂ ಅಸಂಬದ್ಧ, ಆದರೂ ನಡೆಯುತ್ತದೆ.

ಯು ವೀಸಾ ವರ್ಷಕ್ಕೆ 10,000 ಮಾತ್ರ. ಸಾಲು ಬಹಳ ಉದ್ದ. ಆದರೆ 2021ರ ಜೂನ್‌ನಿಂದ, ಅರ್ಜಿ ಮೇಲ್ನೋಟಕ್ಕೆ ಪ್ರಾಮಾಣಿಕವೆಂದು ಕಂಡರೆ ಸಾಲಿನಲ್ಲಿ ಇರುವಾಗಲೇ 4 ವರ್ಷದ ವರ್ಕ್ ಪರ್ಮಿಟ್ ಮತ್ತು ಗಡೀಪಾರು ಮುಂದೂಡಿಕೆ ಕೊಡುವ ಪದ್ಧತಿ ಬಂದಿದೆ. ವೀಸಾ ಬಂದು 3 ವರ್ಷವಾದ ಮೇಲೆ ಗ್ರೀನ್ ಕಾರ್ಡಿಗೆ ಹಾಕಬಹುದು. ಮಕ್ಕಳನ್ನೂ ಸೇರಿಸಿಕೊಳ್ಳಬಹುದು.

ಇದಕ್ಕೆಲ್ಲ ಈಗ ಒಂದು ಎಚ್ಚರಿಕೆ ಸೇರಿಸಲೇಬೇಕು. 2025ರ ಫೆಬ್ರುವರಿ 28ರ ನೀತಿಯ ಪ್ರಕಾರ, ಅರ್ಜಿ ತಿರಸ್ಕೃತವಾಗಿ ಅರ್ಜಿದಾರರಿಗೆ ಸ್ಟೇಟಸ್ ಇಲ್ಲದಿದ್ದರೆ ಯುಎಸ್‌ಸಿಐಎಸ್ ನೇರವಾಗಿ ವಲಸೆ ಕೋರ್ಟಿಗೆ ಹಾಜರಾಗುವ ನೋಟೀಸ್ ಕೊಡಬಹುದು. ಅಪರಾಧದ ಬಲಿಪಶುಗಳನ್ನು ಸುಮ್ಮನೆ ಬಂಧಿಸದಂತೆ, ಬಂಧನ ಮತ್ತು ಗಡೀಪಾರು ನಡೆಸುವ ಐಸ್ ಇಲಾಖೆ ಮೊದಲು ಇಟ್ಟುಕೊಂಡಿದ್ದ ನಿರ್ದೇಶನವೂ 2025ರ ಜನವರಿಯಲ್ಲಿ ರದ್ದಾಯಿತು. ವಾವಾ, ಯು, ಟಿ ಅರ್ಜಿಗಳ ಮಾಹಿತಿಯನ್ನು ಗುಟ್ಟಾಗಿ ಇಡಬೇಕೆಂಬ ಫೆಡರಲ್ ಕಾನೂನು ಪುಸ್ತಕದಲ್ಲಿ ಈಗಲೂ ಇದೆ. ಹೀಗಾಗಿ "ಹಾಕಿಬಿಡಿ, ಏನಾಗುತ್ತೆ" ಎಂಬ ಕಾಲ ಇದಲ್ಲ. ಅರ್ಧಂಬರ್ಧ ಅರ್ಜಿ ಹಾಕುವುದಕ್ಕಿಂತ ಎರಡು ವಾರ ತಡವಾದರೂ ಲಾಯರಿಗೆ ತೋರಿಸಿ ಹಾಕುವುದೇ ಮೇಲು.

ಟಿ ವೀಸಾ ಮಾನವ ಸಾಗಣೆಗೆ ಬಲಿಯಾದವರಿಗೆ. ಸಾಗಣೆ ಎಂದರೆ ಗಡಿ ದಾಟಿಸುವುದಷ್ಟೇ ಅಲ್ಲ. ಬಲವಂತದಿಂದ, ವಂಚನೆಯಿಂದ, ಬೆದರಿಕೆಯಿಂದ ದುಡಿಸಿಕೊಳ್ಳುವುದೂ ಅದೇ. ಮನೆಗೆಲಸಕ್ಕೆ ಕರೆತಂದವರು, ಹೋಟೆಲ್ ಅಡುಗೆಯವರು ಇದರಲ್ಲಿ ಬರಬಹುದು. ಟ್ರಸ್ಟಿಗಳೇ, ಆರ್-1 ಎಂಬ ಧಾರ್ಮಿಕ ಕೆಲಸಗಾರರ ವೀಸಾದಲ್ಲಿ ಬಂದ ಅರ್ಚಕರ ಮತ್ತು ಪಾಕಶಾಲೆಯವರ ಪಾಸ್‌ಪೋರ್ಟನ್ನು "ಸುರಕ್ಷತೆಗೆ" ಆಫೀಸಿನ ಲಾಕರಿನಲ್ಲಿ ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೊಡಿ. ಜನರನ್ನು ಬಲವಂತದಿಂದ ದುಡಿಸಲು ಅವರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು 5 ವರ್ಷದವರೆಗೆ ಶಿಕ್ಷೆಯಿರುವ ಫೆಡರಲ್ ಅಪರಾಧ. ಟಿ ವೀಸಾದ ಅರ್ಜಿ ಐ-914, ಶುಲ್ಕವಿಲ್ಲ, ವರ್ಷದ ಮಿತಿ 5,000. ಪೊಲೀಸರ ಸಹಿ ಇದ್ದರೆ ಬಲ, ಕಡ್ಡಾಯವಲ್ಲ.

ಅಸೈಲಂ (ತಾಯ್ನಾಡಿನಲ್ಲಿ ಕಿರುಕುಳದ ಭಯವಿರುವವರು ಕೇಳುವ ಆಶ್ರಯ) ಬಗ್ಗೆ ಚುಟುಕಾಗಿ: ದೇಶಕ್ಕೆ ಬಂದ 1 ವರ್ಷದೊಳಗೆ ಐ-589 ಹಾಕಬೇಕು, ವಿನಾಯಿತಿಗಳು ಕಡಿಮೆ. "ಅಸೈಲಂ ಹಾಕಿ, ವರ್ಕ್ ಪರ್ಮಿಟ್ ಗ್ಯಾರಂಟಿ" ಎನ್ನುವ ಕನ್ಸಲ್ಟೆಂಟ್ ಕಟ್ಟುಕತೆ ಬರೆದುಕೊಟ್ಟು ಅರ್ಜಿದಾರರು ಗೊತ್ತಿದ್ದೂ ಸಹಿ ಹಾಕಿದರೆ, ಅದು ದುರುದ್ದೇಶದ ಅರ್ಜಿಯೆಂದು ತೀರ್ಮಾನವಾದಲ್ಲಿ ಮುಂದೆ ವಲಸೆ ಸೌಲಭ್ಯಗಳ ಬಾಗಿಲೇ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಸ್ಮರಣ ಸಂಚಿಕೆಗೆ ಜಾಹೀರಾತು ತೆಗೆದುಕೊಳ್ಳುವಾಗ ಆ ವ್ಯಕ್ತಿ ರಾಜ್ಯದ ಬಾರ್‌ನಲ್ಲಿ ಹೆಸರಿರುವ ಲಾಯರೋ, ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಯೋ ನೋಡಿಕೊಳ್ಳಿ. ಎರಡೂ ಅಲ್ಲದಿದ್ದರೆ ಅರ್ಧ ಪುಟದ ದುಡ್ಡು ಬಿಟ್ಟುಬಿಡಿ.

ಕೂಟಗಳು ಬಹಳ ಕೊಡುವ, ಬಹಳ ಅಪಾಯದ ಸಲಹೆ ಇನ್ನೊಂದಿದೆ: "ಸದ್ಯಕ್ಕೆ ಊರಿಗೆ ಹೋಗಿ ಇದ್ದು ಬಾ." ಐ-94 ಮುಗಿದ ಮೇಲೂ 180 ದಿನಕ್ಕಿಂತ ಹೆಚ್ಚು ಇದ್ದವರು ದೇಶ ಬಿಟ್ಟರೆ 3 ವರ್ಷ, 1 ವರ್ಷ ಅಥವಾ ಹೆಚ್ಚು ಇದ್ದವರು ಬಿಟ್ಟರೆ 10 ವರ್ಷ ವಾಪಸ್ ಬರುವಂತಿಲ್ಲ. ಈ ನಿಷೇಧ ಶುರುವಾಗುವುದು ವಿಮಾನ ಹತ್ತಿದ ಮೇಲೆ. ಸ್ಟೇಟಸ್ ಇದ್ದವರಿಗೂ ಬಲೆಯಿದೆ. ರಜೆಗೆಂದು ಕರೆದುಕೊಂಡು ಹೋಗಿ, ತವರಿನಲ್ಲಿ ಬಿಟ್ಟು, ಪಾಸ್‌ಪೋರ್ಟ್ ಎತ್ತಿಕೊಂಡು ಗಂಡನೊಬ್ಬನೇ ಹಾರಿಬರುವುದು ಹಳೆಯ ತಂತ್ರ. ಪಾಸ್‌ಪೋರ್ಟಿಗೆ ಎಚ್-4 ವೀಸಾ ಹಾಕಿಸಲು ಅವನ ಐ-797 ಬೇಕು, ಅವನು ಕೊಡುವುದಿಲ್ಲ. ಅಷ್ಟರಲ್ಲಿ ಇಲ್ಲಿಯ ಕೋರ್ಟಿನಲ್ಲಿ ಅವಳ ಗೈರುಹಾಜರಿಯಲ್ಲೇ ಡೈವೋರ್ಸ್ ಆಗಿಹೋಗುತ್ತದೆ. ಅವಳು ಒಪ್ಪದ, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಕೊಟ್ಟ ಅಂಥ ವಿದೇಶಿ ಡಿಕ್ರಿ ಭಾರತದಲ್ಲಿ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೆ ಯುಎಸ್‌ಸಿಐಎಸ್‌ಗೆ ಇಲ್ಲಿಯ ಡಿಕ್ರಿಯೇ ಲೆಕ್ಕ. ಬೆಂಗಳೂರಿನಲ್ಲಿ ವಿವಾಹಿತೆ, ನ್ಯೂಜೆರ್ಸಿಯಲ್ಲಿ ವಿಚ್ಛೇದಿತೆ. ಹೀಗೆ ಸಿಕ್ಕಿಬಿದ್ದವಳು ತವರೂರಿನ ಠಾಣೆಯಲ್ಲೇ ದೂರು ಕೊಡಬಹುದು. ಕ್ರೌರ್ಯ ನಡೆದ ಊರಿಗೇ ಹೋಗಬೇಕಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಹಿಂದೆ 498ಎ ಆಗಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಮದುವೆಗಳಿಗೆಂದೇ ಘಟಕವಿದೆ. ಇಲ್ಲಿಯ ಕಾನೂನು ಖರ್ಚಿಗೆ ನಮ್ಮ ಕಾನ್ಸುಲೇಟುಗಳ ಬಳಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ, ಕೇಳಿದರೆ ಮಾತ್ರ ಸಿಗುತ್ತದೆ.

ಮಗುವನ್ನು ಕರೆದುಕೊಂಡು ಊರಿಗೆ ಓಡಿಹೋಗು ಎಂಬ ಸಲಹೆಯಂತೂ ಯಾವತ್ತೂ ಬೇಡ. ಮಕ್ಕಳ ಅಪಹರಣದ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ ಎಂಬುದನ್ನೇ ರಕ್ಷಣೆಯೆಂದು ಕೆಲವರು ತಿಳಿದಿದ್ದಾರೆ. ಇಲ್ಲಿ ಅದು ಫೆಡರಲ್ ಅಪರಾಧ, 3 ವರ್ಷದವರೆಗೆ ಜೈಲು. ದೌರ್ಜನ್ಯದಿಂದ ತಪ್ಪಿಸಿಕೊಳ್ಳಲು ಹೋದೆ ಎಂಬ ಸಮರ್ಥನೆ ಕಾನೂನಿನಲ್ಲೇ ಇದೆ, ಆದರೆ ಅದನ್ನು ಸಾಬೀತು ಮಾಡಬೇಕಾದವಳು ಅವಳೇ. ಮೊದಲು ಪ್ರೊಟೆಕ್ಷನ್ ಆರ್ಡರ್ ಮತ್ತು ತಾತ್ಕಾಲಿಕ ಕಸ್ಟಡಿ, ಆಮೇಲೆ ಕೋರ್ಟಿನ ಅನುಮತಿ, ಆಮೇಲೆ ಟಿಕೆಟ್. ಗಂಡನೇ ಮಗುವನ್ನು ಕದ್ದೊಯ್ಯುವ ಭಯವಿದ್ದರೆ ಸ್ಟೇಟ್ ಡಿಪಾರ್ಟ್‌ಮೆಂಟಿನ ಮಕ್ಕಳ ಪಾಸ್‌ಪೋರ್ಟ್ ಎಚ್ಚರಿಕೆ ಯೋಜನೆಯಲ್ಲಿ ಮಗುವಿನ ಹೆಸರು ಸೇರಿಸಬಹುದು. ಯಾರಾದರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ತಾಯಿಗೆ ತಿಳಿಸುತ್ತಾರೆ.

ನಿಮ್ಮಿಂದ ನಾವು ಕೇಳುವುದು ದೊಡ್ಡದೇನಲ್ಲ. ಲಾಯರ್ ಕೆಲಸ ನೀವು ಮಾಡಬೇಡಿ, ಅದು ಅಪರಾಧವೂ ಹೌದು. ಲಾಯರಿಗೆ ಮಾಡಲಾಗದ, ನಿಮಗೆ ಮಾತ್ರ ಸಾಧ್ಯವಾದ ಕೆಲಸವೊಂದಿದೆ: ಅನುವಾದ. ಲಗ್ನಪತ್ರಿಕೆ, ಅತ್ತೆಯ ವಾಯ್ಸ್ ಮೆಸೇಜು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ವಾಟ್ಸಾಪ್ ಬೈಗುಳ, ಎಲ್ಲವೂ ಪುರಾವೆಯೇ. ಯುಎಸ್‌ಸಿಐಎಸ್‌ಗೆ ಕೊಡುವ ಪ್ರತಿ ಕನ್ನಡ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಸಾರಾಂಶ ನಡೆಯದು. ಕೆಳಗೆ ಅನುವಾದಕರು ಎರಡು ಮಾತು ಬರೆದು ಸಹಿ, ಹೆಸರು, ತಾರೀಖು ಹಾಕಬೇಕು: ಎರಡೂ ಭಾಷೆ ತಮಗೆ ಚೆನ್ನಾಗಿ ಬರುತ್ತದೆ, ಅನುವಾದ ಸಂಪೂರ್ಣವೂ ನಿಖರವೂ ಆಗಿದೆ. ನೋಟರಿ ಬೇಡ. ಅವಳ ಸ್ವಂತ ಅಕ್ಕನೋ ಅಣ್ಣನೋ ಮಾಡುವುದಕ್ಕಿಂತ ಹೊರಗಿನವರು ಮಾಡಿದರೆ ವಾಸಿ. ಬೈಗುಳವನ್ನು ಸಭ್ಯಗೊಳಿಸಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪ್ರತಿ ಕೂಟದಲ್ಲೂ ನಾಲ್ಕೈದು ಜನ ಇದಕ್ಕೆ ಸಿಗುತ್ತಾರೆ.

ಸಾಕ್ಷಿಯಾಗಿ ಪತ್ರ ಬರೆದುಕೊಡುವವರು "ಬಹಳ ಒಳ್ಳೆಯ ಹುಡುಗಿ" ಎಂದು ತುಂಬಿಸಬೇಡಿ. ಯಾವ ತಿಂಗಳು, ಎಲ್ಲಿ, ಏನು ಕಣ್ಣಾರೆ ಕಂಡಿರಿ, ಅವಳು ಏನು ಹೇಳಿದಳು, ಅಷ್ಟು ಸಾಕು. ಕಾಗದಗಳ ಪ್ರತಿ ಇಟ್ಟುಕೊಳ್ಳಲು ಅವಳಿಗೆ ಹೊಸ ಇಮೇಲ್ ತೆರೆಯಲು ಹೇಳಿ. ಫ್ಯಾಮಿಲಿ ಪ್ಲಾನಿನ ಫೋನಿನಲ್ಲಿ ಕರೆಗಳ ಪಟ್ಟಿ ಗಂಡನಿಗೆ ಕಾಣುತ್ತದೆ, ಹಂಚಿಕೊಂಡ ಕ್ಲೌಡ್‌ನಲ್ಲಿ ಗಾಯದ ಫೋಟೋವೂ ಕಾಣುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ತಿಳಿಸಬೇಕು, ಇಲ್ಲದಿದ್ದರೆ ಅವಳ ನೋಟೀಸುಗಳು ಅವನ ಟಪಾಲು ಪೆಟ್ಟಿಗೆಗೇ ಹೋಗಿ ಬೀಳುತ್ತವೆ. ಅವಳ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ "ಯಾರಾದರೂ ರೂಮ್ ಕೊಡುತ್ತೀರಾ" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಗುಂಪಿನಲ್ಲಿ ಅವನ ಗೆಳೆಯರೂ ಇರುತ್ತಾರೆ.

ಕೂಟದ ವೆಬ್‌ಸೈಟಿನಲ್ಲಿ ಪಿಕ್ನಿಕ್ ಫೋಟೋಗಳ ಪಕ್ಕ ಒಂದು ಪುಟವಿರಲಿ. ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233, ಹಗಲೂ ರಾತ್ರಿ. ನ್ಯೂಜೆರ್ಸಿಯಲ್ಲಿ 1985ರಿಂದ ಇರುವ ಮಾನವಿ, ನ್ಯೂಯಾರ್ಕಿನ ಸಖಿ, ಬೇ ಏರಿಯಾದ ಮೈತ್ರಿ ಮತ್ತು ನಾರಿಕ, ಷಿಕಾಗೋದ ಅಪ್ನಾ ಘರ್, ಅಟ್ಲಾಂಟಾದ ರಕ್ಷಾ, ಹ್ಯೂಸ್ಟನ್ನಿನ ದಯಾ: ಇವೆಲ್ಲ ದಕ್ಷಿಣ ಏಷ್ಯಾದವರಿಗಾಗಿಯೇ ಹುಟ್ಟಿದ ಸಂಸ್ಥೆಗಳು, ಅತ್ತೆ-ಮಾವ ಎಂದರೆ ಏನೆಂದು ಇವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಒಂದು ಬೈಲಾ ತಿದ್ದುಪಡಿ. ಗಂಡನ ಪರವಾಗಿ ಕೋರ್ಟಿಗೆ ಕೊಡಲು "ಇವರು ನಮ್ಮ ಕೂಟದ ಸಕ್ರಿಯ ಸದಸ್ಯರು, ಸಜ್ಜನರು" ಎಂಬ ಪತ್ರ ಕೂಟದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರ ಸಹಿಯೊಂದಿಗೆ ಹೋಗುವುದುಂಟು. ರಾಜ್ಯೋತ್ಸವದಲ್ಲಿ ಸ್ಟೇಜ್ ಕಟ್ಟಿದವನು ಮನೆಯಲ್ಲಿ ಹೇಗಿರುತ್ತಾನೆಂದು ಕೂಟಕ್ಕೆ ಗೊತ್ತಿರುವುದಿಲ್ಲ. ಬರೆಯಬೇಕೆನಿಸಿದವರು ತಮ್ಮ ಸ್ವಂತ ಹೆಸರಿನಲ್ಲಿ, ಬಿಳಿ ಹಾಳೆಯಲ್ಲಿ ಬರೆದುಕೊಳ್ಳಲಿ. ಕೂಟದ ಲೆಟರ್‌ಹೆಡ್ಡನ್ನು ಸದಸ್ಯರ ಕೌಟುಂಬಿಕ ವ್ಯಾಜ್ಯಕ್ಕೆ ಬಳಸಬಾರದೆಂಬ ಒಂದು ಸಾಲನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಿ ಎಂದು ಕೋರುತ್ತೇವೆ.

ಇಂತಿ,
ವಲಸೆ ಮತ್ತು ಕೌಟುಂಬಿಕ ದೌರ್ಜನ್ಯದ ಪ್ರಕರಣಗಳಲ್ಲಿ ನೆರವಾಗುತ್ತಿರುವ ಕೆಲವು ಕನ್ನಡಿಗರು